ಚಿಮ್ಮಂಡೆಯ ಮುಂಗಾಲು

೧೯೮೭ರ ಮೇ ತಿಂಗಳು ಮುಗಿಯುತ್ತ ಬಂದಿತ್ತು. ಜುಗೂಳದ ಜೈನ ಪಾಠಶಾಲೆಯ ಮಾಸ್ತರ ಜಯಪಾಲ ಬೆಳಿಗ್ಗೆಯೇ ಸೈಕಲ್ ಹೊಡೆದುಕೊಂಡು ಕಾಗವಾಡಕ್ಕೆ ಬಂದು, ಬಸ್ ನಿಲ್ದಾಣದ ಎದುರಿನ ತಗಡಿನ ಅಂಗಡಿಯ ಮುಂದೆ ಇಳಿದ. ಒಳಗೆ ಹಾಜಿಮಲಂಗ ಪೇಂಟರ್ ಹಿಟ್ಟಿನ ಗಿರಣಿಯೊಂದರ ಬೋರ್ಡಿಗೆ ಅಕ್ಷರ ತುಂಬುತ್ತಿದ್ದ.

"ಪೇಂಟರ್, ನಿನಗ ಇರವಿ ಬರಿಯಾಕ ಬರತೈತೇನು?"

ಹಾಜಿಮಲಂಗ ಕುಂಚ ಎತ್ತಲಿಲ್ಲ. "ಆನಿ ಬರದೀನಿ, ಹುಲಿ ಬರದೀನಿ. ಇರವಿಗೇನ್ ದೊಡ್ಡ ಮಾತ್ರಿ ಮಾಸ್ತರ?"

ಹಾಗೆಂದವನಿಗೆ ಆಗ ನಲವತ್ತಮೂರು ವರ್ಷ. ಅಥಣಿಯಿಂದ ಮಿರಜಿನವರೆಗೆ ರಸ್ತೆಯ ಎರಡೂ ಬದಿಗೆ ಅವನ ಕೈಯ ಬೋರ್ಡುಗಳಿದ್ದವು. ಒಂದೇ ಬೋರ್ಡಿನ ಮೇಲೆ ಕನ್ನಡವನ್ನೂ ಮರಾಠಿಯನ್ನೂ ಒಡಹುಟ್ಟಿದವರ ಹಾಗೆ ಕೂಡಿಸುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಚಿತ್ರ ಬೇಕೆಂದರೆ ಮಂಚದ ಕೆಳಗಿನ ಹಳೆಯ ಕ್ಯಾಲೆಂಡರುಗಳ ಕಟ್ಟು ಬಿಚ್ಚುತ್ತಿದ್ದ. ಹಾಲಿನ ಡೇರಿಗೆ ಆಕಳು, ತಾಲೀಮಿಗೆ ಪೈಲವಾನ, ಎಲ್ಲ ಅಲ್ಲಿಂದಲೇ. ಜೀವ ಇರುವುದೊಂದನ್ನು ಎದುರಿಗಿಟ್ಟುಕೊಂಡು ಅವನು ಎಂದೂ ಬರೆದವನಲ್ಲ, ಬರೆಯಬೇಕೆಂದು ಅನ್ನಿಸಿದ್ದೂ ಇಲ್ಲ.

ಜಯಪಾಲ ಕೆಲಸ ವಿವರಿಸಿದ. ಬಸದಿಯ ಪಕ್ಕದ ಪಾಠಶಾಲೆಗೆ ಹೊಸ ಗೋಡೆ ಎದ್ದಿದೆ, ಇಪ್ಪತ್ತೆರಡು ಅಡಿ ಉದ್ದ, ಎಂಟು ಅಡಿ ಎತ್ತರ. ಮಕ್ಕಳಿಗೆ ಜೀವಗಳ ಪಾಠ ಹೇಳಲು ಅದರ ಮೇಲೆ ಚಿತ್ರ ಬೇಕು. ಜೈನರ ಪಾಠದಲ್ಲಿ ಜೀವಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುತ್ತಾರೆ. ಗಿಡಮರಗಳಿಗೆ ಮುಟ್ಟಿದ್ದು ತಿಳಿಯುವ ಒಂದೇ ಇಂದ್ರಿಯ. ಎರೆಹುಳಕ್ಕೆ ರುಚಿಯೂ ಸೇರಿ ಎರಡು. ಇರುವೆಗೆ ವಾಸನೆಯೂ ಸೇರಿ ಮೂರು. ನೊಣ, ಜೇನು, ಪಾತರಗಿತ್ತಿಗಳಿಗೆ ಕಣ್ಣೂ ಸೇರಿ ನಾಲ್ಕು. ಹಕ್ಕಿ, ದನ, ಮನುಷ್ಯರಿಗೆ ಕಿವಿಯೂ ಸೇರಿ ಐದು. ಆಷಾಢದಲ್ಲಿ ಮುನಿಗಳು ಚಾತುರ್ಮಾಸಕ್ಕೆ ಜುಗೂಳಕ್ಕೆ ಬರುವವರಿದ್ದರು. ಅಷ್ಟರೊಳಗೆ ಗೋಡೆ ಮುಗಿಯಬೇಕು.

"ಇಪ್ಪತ್ನಾಕ ಚೌಕ. ಒಂದೊಂದ ಚೌಕದಾಗ ಒಂದೊಂದ ಜೀವ," ಎಂದು ಜಯಪಾಲ ಒಂದು ಹಳೆಯ ಪುಸ್ತಕ ಬಿಚ್ಚಿದ. ಅದರಲ್ಲಿನ ಚಿತ್ರಗಳು ಎಷ್ಟು ಮಸುಕಾಗಿದ್ದವೆಂದರೆ ನೊಣಕ್ಕೂ ಜೇನಿಗೂ ಫರಕು ತಿಳಿಯುತ್ತಿರಲಿಲ್ಲ.

"ಹದಿನೈದ ದಿನದ ಕೆಲಸ," ಎಂದ ಹಾಜಿಮಲಂಗ.

ಮೂರು ದಿನಕ್ಕೆ ಎಂಟು ಚೌಕ ತುಂಬಿದವು. ನಾಲ್ಕನೆಯ ದಿನ ಬೆಳಿಗ್ಗೆ ಬಸದಿಗೆ ಹೂ ಕೊಡಲು ಬಂದ ರಾಜಮತಿ ಬುಟ್ಟಿ ಹಿಡಿದುಕೊಂಡೇ ಒಳಗೆ ಇಣುಕಿದಳು. ಬಸದಿಯ ಹಿಂದೆ, ಕೃಷ್ಣಾ ಹೊಳೆಯ ಕಡೆಗೆ ಇಳಿಯುವ ಅರ್ಧ ಎಕರೆ ತೋಟ ಅವಳದು. ಮೂವತ್ತು ವರ್ಷದಿಂದ ಪೂಜೆಯ ಹೂವು ಅಲ್ಲಿಂದಲೇ ಬರುತ್ತಿತ್ತು. ಅವಳು ಒಂದೊಂದೇ ಚೌಕ ನೋಡುತ್ತ ಬಂದು ಇರುವೆಯ ಮುಂದೆ ನಿಂತಳು.

"ಇದು ಏನಪಾ?"

"ಇರವಿ ರೀ, ಬಾಯಿ."

"ಎಲ್ಲಿ ಇರವಿ? ನಮ್ಮೂರಾಗ ಇಂಥಾದ್ದು ಇಲ್ಲ. ಹೊಟ್ಟಿಗೆ ಕಾಲ ಹಚ್ಚೀಯಲ್ಲ?"

"ಪುಸ್ತಕದಾಗ ಹಂಗ ಐತ್ರಿ."

"ಪುಸ್ತಕ ಬರದಾಂವ ಇರವಿ ನೋಡಿರಲಿಕ್ಕಿಲ್ಲ. ಬಾ ನನ್ನ ಹಿಂದ."

ಬೋರ್ಡು ಬರೆಯತೊಡಗಿದ ಇಪ್ಪತ್ತೆರಡು ವರ್ಷದಲ್ಲಿ ಅವನ ಚಿತ್ರದಲ್ಲಿ ತಪ್ಪು ತೋರಿಸಿದವರು ಯಾರೂ ಇರಲಿಲ್ಲ. ಮುಖ ಬಿಗಿ ಮಾಡಿಕೊಂಡೇ ಅವಳ ಹಿಂದೆ ಹೋದ. ರಾಜಮತಿ ನುಗ್ಗೆಯ ಬುಡದಲ್ಲಿ ಕೈ ತೋರಿಸಿ, "ಇಲ್ಲಿ ಕುಂದ್ರು. ಕಾಲ ಎಲ್ಲಿಂದ ಹುಟ್ಟ್ಯಾವ ನೋಡು," ಎಂದು ಹೇಳಿ ಹೂ ಬಿಡಿಸಲು ಹೋದಳು.

ದಪ್ಪ ಕರಿ ಇರುವೆಗಳು ಕಾಂಡದ ಮೇಲೆ ಹತ್ತಿ ಇಳಿಯುತ್ತಿದ್ದವು. ಮೊದಲಿಗೆ ಅವನಿಗೆ ಚುಕ್ಕಿಗಳು ಓಡಿದಂತೆ ಕಂಡಿತು ಅಷ್ಟೇ. ಒಂದು ಇರುವೆ ಸತ್ತ ಹುಳದ ರೆಕ್ಕೆಯೊಂದನ್ನು ಎಳೆಯುತ್ತ ತೊಗಟೆಯ ಬಿರುಕಿನಲ್ಲಿ ಸಿಕ್ಕಿಕೊಂಡು ನಿಂತಿತು. ಆಗ ಕಂಡಿತು. ತಲೆ ಬೇರೆ, ಹೊಟ್ಟೆ ಬೇರೆ, ನಡುವೆ ಒಂದು ಸಣ್ಣ ಎದೆ. ಆರೂ ಕಾಲು ಆ ಎದೆಯಿಂದಲೇ ಹೊರಟಿದ್ದವು. ಹೊಟ್ಟೆಗೆ ಒಂದು ಕಾಲೂ ಇರಲಿಲ್ಲ. ಹಾಜಿಮಲಂಗ ಇನ್ನೊಂದು ಇರುವೆ ನೋಡಿದ, ಮತ್ತೊಂದು ನೋಡಿದ. ಎದ್ದು ಹೋಗಿ ಹೂವಿನ ಮೇಲಿನ ಜೇನುಹುಳ ನೋಡಿದ. ಅದಕ್ಕೂ ಹಾಗೇ! ಎಲೆಯ ಮೇಲೆ ಕೂತ ನೊಣ ನೋಡಿದ. ಅದಕ್ಕೂ ಹಾಗೇ!

"ಬಾಯಿ! ಎಲ್ಲಾದಕ್ಕೂ ಎದಿಯಿಂದನ ಕಾಲ ಬಂದಾವ್ರಿ! ಎಲ್ಲಾದಕ್ಕೂ ಆರ ಕಾಲ!" ಎಂದು ಅವನು ತೋಟದ ನಡುವೆ ನಿಂತು ಕೂಗಿದ.

"ನಾ ಏನ್ ಸುಳ್ಳ ಹೇಳಿದ್ನೇನು?" ಎಂದಳು ರಾಜಮತಿ, ಹೂವಿನಿಂದ ಕಣ್ಣೆತ್ತದೆ.

ಅಂದು ಮಧ್ಯಾಹ್ನ ಅವನು ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಎಂಟೂ ಚೌಕಗಳನ್ನು ಒರೆಸಿ ಹಾಕಿದ. ಜಯಪಾಲ ಬಂದು ನೋಡಿದಾಗ ಗೋಡೆ ಖಾಲಿಯಾಗಿತ್ತು.

ಅಂದಿನಿಂದ ಹಾಜಿಮಲಂಗ ಹೊತ್ತು ಏರುವ ಮೊದಲೇ ಕಾಗವಾಡದಿಂದ ಸೈಕಲ್ ತುಳಿದುಕೊಂಡು ಬಂದು ತೋಟಕ್ಕೆ ಹೋಗತೊಡಗಿದ. ಕೈಯಲ್ಲಿ ಪೆನ್ಸಿಲ್, ಹಳೆಯ ಮದುವೆ ಕಾರ್ಡುಗಳ ಕಟ್ಟು. ಕಾರ್ಡಿನ ಹಿಂಬದಿಯಲ್ಲಿ ಕಂಡದ್ದನ್ನೆಲ್ಲ ಗೀಚುತ್ತಿದ್ದ. ತೋಟದಲ್ಲಿ ಒಂದೇ ಕಟ್ಟಳೆ ಇತ್ತು, ಅದನ್ನು ರಾಜಮತಿ ಮೊದಲ ದಿನವೇ ಹೇಳಿದ್ದಳು. ಯಾವುದನ್ನೂ ಹಿಡಿಯಬಾರದು. ಅದು ಕೂತಲ್ಲೇ ಇವನು ಕೂತು ಬರೆದುಕೊಳ್ಳಬೇಕು, ಅದು ಹಾರಿದರೆ ಕಾಯಬೇಕು.

ಬೇಲಿಯ ಎಕ್ಕೆಯ ಗಿಡದ ಮೇಲೆ ಒಂದು ಮಿಡತೆ ಸಿಕ್ಕಿತು. ಮೈಮೇಲೆ ಹಳದಿ ಮತ್ತು ನೀಲಿ ಪಟ್ಟೆ, ಹಸಿರು ರೆಕ್ಕೆಯ ಮೇಲೆ ಹಳದಿ ಚುಕ್ಕಿ. ಅದರ ಮುಂದೆ ಮಂಡಿಯೂರಿ ಕೂತು, "ಇದಕ್ಕ ಯಾವ ಪೇಂಟರ್ ಬಣ್ಣ ಹಚ್ಚ್ಯಾನ್ರಿ? ಒಂದ ಗೆರಿನೂ ಸೊಟ್ಟ ಇಲ್ಲ!" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಹಸಿರೆಂದರೆ ಡಬ್ಬಿಯೊಳಗಿನ ಹಸಿರು ಎಂದುಕೊಂಡಿದ್ದವನು ಒಂದೇ ಎಲೆಯಲ್ಲಿ ಏಳು ಹಸಿರು ಎಣಿಸಿದ. ಜೂನಿನಲ್ಲಿ ಮಿರಗದ, ಅಂದರೆ ಮೃಗಶಿರೆಯ, ಮೊದಲ ಮಳೆ ಬಿದ್ದ ಮರುದಿನ ಕರಿ ಮಣ್ಣಿನ ಮೇಲೆ ಕೆಂಪು ಮಖಮಲ್ಲಿನ ಚೂರುಗಳು ನಡೆದಾಡುತ್ತಿದ್ದವು. ಚಿಕ್ಕಂದಿನಲ್ಲಿ ಎಷ್ಟೋ ಸಲ ಅಂಗೈಯಲ್ಲಿಟ್ಟು ಆಡಿದ ಹುಳವೇ. ಈಗ ಹೊಟ್ಟೆಯ ಮೇಲೆ ಮಲಗಿ ಕಾಲು ಎಣಿಸಿದ.

"ಎಂಟ! ಬಾಯಿ, ಇದಕ್ಕ ಎಂಟ ಅದಾವ್ರಿ!"

"ಹುಳದ ನಾದಿಗೆ ಬಿದ್ದೀಯಪಾ ನೀನು," ಎಂದು ನಗುತ್ತ ರಾಜಮತಿ ಅವನ ಪಕ್ಕದಲ್ಲೇ ಕೂತು ತಾನೂ ಎಣಿಸಿದಳು. ಅಷ್ಟು ವರ್ಷ ತೋಟದಲ್ಲಿದ್ದರೂ ಅದನ್ನು ಅವಳೂ ಎಣಿಸಿರಲಿಲ್ಲ.

ಕಾಗವಾಡದ ಮನೆಯಲ್ಲಿ ಹೆಂಡತಿ ಮೈಮುನಾಳಿಗೆ ದಿನವೂ ಹುಳಗಳದೇ ಮಾತು. ಒಂದು ದಿನ ಅವಳು ಜಿರಳೆಗೆ ಹೊಡೆಯಲು ಚಪ್ಪಲಿ ಎತ್ತಿದಾಗ ಇವನು ಅವಳ ಕೈ ಹಿಡಿದ. "ತಡಿ, ತಡಿ, ಮೀಸಿ ಹೆಂಗ ತಿರವತೈತಿ ನೋಡ್ತೀನಿ!"

"ಹುಳ ನೋಡಿ ನೋಡಿ ಹುಚ್ಚ ಹಿಡದೈತಿ ನಿನಗ," ಎಂದು ಮೈಮುನಾ ಚಪ್ಪಲಿ ಬಿಸಾಕಿ ಒಳಗೆ ಹೋದಳು. ಜಿರಳೆ ಬದುಕಿತು.

ಗೆಣಸಿನ ಬಳ್ಳಿಯಲ್ಲಿ ಅವನ ತಲೆ ಕೆಡಿಸಿದ್ದು ಒಂದು ಚಿನ್ನದ ಹುಳ. ಕಿರುಬೆರಳಿನ ಉಗುರಿನಷ್ಟು ಗಾತ್ರ. ಸುತ್ತಲೂ ಗಾಜಿನಂಥ ಅಂಚು, ನಡುವೆ ಅಪ್ಪಟ ಬಂಗಾರ. ಎಲೆಯ ಮೇಲೆ ಯಾರೋ ಮೂಗುತಿ ಕಳಚಿಟ್ಟ ಹಾಗೆ ಕಾಣುತ್ತಿತ್ತು. ಇವನ ಬಳಿ ಇದ್ದ ಬಂಗಾರದ ಪುಡಿಯನ್ನು ವಾರ್ನಿಶಿನಲ್ಲಿ ಕಲಸಿ ಹಚ್ಚಿ ನೋಡಿದ. ಹಿತ್ತಾಳೆಯ ತಂಬಿಗೆಯ ಬಣ್ಣ ಬಂತು. ಮೂರು ದಿನ ಪ್ರಯತ್ನಿಸಿ ಸೋತು, ನಾಲ್ಕನೆಯ ದಿನ ರಾಜಮತಿ ಬೆನ್ನು ತಿರುಗಿಸಿದಾಗ ಒಂದು ಹುಳವನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ಕಾಗವಾಡಕ್ಕೆ ಒಯ್ದ. ಮನೆಯಲ್ಲಿ ತೆರೆದು ನೋಡಿದರೆ ಬಂಗಾರ ಹೋಗಿತ್ತು. ಒಳಗಿದ್ದದ್ದು ಹಳೆಯ ಇಟ್ಟಿಗೆಯ ಬಣ್ಣದ ಒಂದು ಹುಳ.

ಕೊಂದೆ ಎಂದುಕೊಂಡ ಹಾಜಿಮಲಂಗ. ಊಟ ಸೇರಲಿಲ್ಲ. ಬೆಳಗಾಗುತ್ತಲೇ ತೋಟಕ್ಕೆ ಹೋಗಿ ಪೆಟ್ಟಿಗೆಯನ್ನು ಅದೇ ಎಲೆಯ ಮೇಲೆ ಬಗ್ಗಿಸಿದ. ಹುಳ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಕಾಲು ಚಾಚಿತು. ನಾಲ್ಕು ಹೆಜ್ಜೆ ನಡೆಯಿತು, ಎಲೆಯ ತುದಿಯನ್ನು ಕಚ್ಚಿತು. ಆಮೇಲೆ ಅವನ ಕಣ್ಣೆದುರೇ ಬೆನ್ನಿನ ನಡುವಿನಿಂದ ಬಂಗಾರ ಊರತೊಡಗಿತು. ಒಲೆಯ ಮೇಲಿನ ಹಾಲು ಉಕ್ಕಿ ಬರುವಂತೆ ಅಂಚಿನವರೆಗೂ ಬಂತು. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಹುಳ ಮೊದಲಿನ ಹಾಗೇ ಹೊಳೆಯಿತು.

ಅವನು ಹೋ ಎಂದು ಕೂಗಿ ತಿರುಗಿದರೆ ಹಿಂದೆ ರಾಜಮತಿ ನಿಂತಿದ್ದಳು. ಕೈಯಲ್ಲಿದ್ದ ಬೆಂಕಿಪೆಟ್ಟಿಗೆಯನ್ನು ಮರೆಸಲು ಆಗಲಿಲ್ಲ.

"ಒಯ್ದಿದ್ದಿ ಹೌದಲ್ಲೊ?"

"ಹೌದ್ರಿ. ತಪ್ಪಾತು."

"ನಿನ್ನ ಒಂದ ದಿನ ಪೆಟಗಿಯೊಳಗ ಇಟ್ಟರ ನಿನ್ನ ಬಣ್ಣಾನೂ ಹೋಗತೈತಿ," ಎಂದಳು. ಆಮೇಲೆ ತಾನೇ ಬಗ್ಗಿ ನೋಡಿ, "ಏನ ಹೊಳಪ ಅದರದು," ಎಂದು ಹೂ ಬಿಡಿಸಲು ಹೋದಳು.

ಆ ಸಂಜೆ ಈ ಕಥೆಯನ್ನೆಲ್ಲ ಕೇಳಿದ ಮೈಮುನಾ ರೊಟ್ಟಿ ತಟ್ಟುತ್ತಲೇ ಹೇಳಿದಳು: "ಬಂಗಾರ ಒಳಗಿಂದ ಬರತೈತಿ ಅಂದ್ರ ಮ್ಯಾಲ ಬಂಗಾರ ಯಾಕ ಹಚ್ತಿ? ಮೊಹರಮ್ಮಿಗೆ ತಾಬೂತಕ್ಕ ಏನ ಮಾಡ್ತೀ? ಬೇಗಡಿ ಅಂಟಿಸಿ ಮ್ಯಾಲ ಹಳದಿ ಅರಗ ಎಳೀತಿ. ಹಂಗ ಮಾಡು."

ಹಾಜಿಮಲಂಗ ಎದ್ದು ತಾಬೂತದ ಸಾಮಾನಿನ ಪೆಟ್ಟಿಗೆ ಎಳೆದ. ಪ್ರತಿ ವರ್ಷ ಅವನೇ ಮಾಡುವ ಕೆಲಸ ಅದು. ಬೆಳ್ಳಿಯ ಹಾಗೆ ಹೊಳೆಯುವ ತೆಳು ತಗಡಿನ ಬೇಗಡೆಯ ಮೇಲೆ ಹಳದಿ ಮೆರುಗು ಕೊಟ್ಟರೆ ಬೆಳಕು ಒಳಗೆ ಹೋಗಿ ಬಂಗಾರವಾಗಿ ಹೊರಗೆ ಬರುತ್ತಿತ್ತು. ಮರುದಿನ ಜುಗೂಳದ ಗೋಡೆಯ ಮೇಲೆ ಉಗುರಿನಷ್ಟು ಬೇಗಡೆ ಅಂಟಿಸಿ ಮೂರು ಸಲ ಹಳದಿ ಎಳೆದ. ಕಿಟಕಿಯ ಬಿಸಿಲು ಬಿದ್ದಾಗ ಹುಳ ಗೋಡೆಯಿಂದ ಎದ್ದು ಬಂದಂತೆ ಕಂಡಿತು. ಜಯಪಾಲ ಪಾಠ ನಿಲ್ಲಿಸಿ ಬಂದು ಬೆರಳಿನಿಂದ ಮುಟ್ಟಿದ. "ಚಿತ್ರ ಐತಲೇ! ನಾ ಖರೇ ಹುಳ ಅಂದಿದ್ದೆ!" ಎಂದ.

ಹುಳ ಬಂತೆಂದರೆ ಬಳ್ಳಿ ಬೇಕಲ್ಲ. ಬಳ್ಳಿ ಚೌಕದೊಳಗೆ ನಿಲ್ಲಲಿಲ್ಲ. ಅದು ಪಕ್ಕದ ಚೌಕಕ್ಕೆ ಹಬ್ಬಿತು, ಅಲ್ಲಿಂದ ನುಗ್ಗೆಯ ಕಾಂಡಕ್ಕೆ ಏರಿತು. ಕಾಂಡದ ಮೇಲೆ ಇರುವೆಗಳ ಸಾಲು ಬಂತು. ಜೂನ್ ಮುಗಿಯುವಷ್ಟರಲ್ಲಿ ಚೌಕಗಳ ಗೆರೆಗಳೆಲ್ಲ ಅಳಿಸಿಹೋಗಿ, ಗೋಡೆಯ ತುಂಬ ಒಂದೇ ತೋಟ ಬೆಳೆಯುತ್ತಿತ್ತು.

ಬಸದಿಯ ಕಮಿಟಿಯ ಅಧ್ಯಕ್ಷ ಆಬಾಸಾಹೇಬ ಒಂದು ತಿಂಗಳು ಊರಲ್ಲಿರಲಿಲ್ಲ. ಬಂದವನು ಗೋಡೆ ನೋಡಿ ಬಾಗಿಲಲ್ಲೇ ನಿಂತ. ಅವನು ಕಟ್ಟುನಿಟ್ಟಿನ ಮನುಷ್ಯ. ಕಬ್ಬಿನ ಸಾಲನ್ನೂ ಹಗ್ಗ ಹಿಡಿದು ಹಾಕಿಸುತ್ತಿದ್ದ.

"ಚೌಕ ಎಲ್ಲಿ ಹೋದವು?" ಎಂದು ಕೇಳಿದ.

ಜಯಪಾಲ ಕನ್ನಡಕ ಒರೆಸಿಕೊಳ್ಳತೊಡಗಿದ.

"ನಾವು ಪಾಠದ ತಕ್ತೆ ಹೇಳಿದ್ದಿವಿ. ಇದು ಕಾಯಿಪಲ್ಲೆ ಹೊಲ ಆಗೈತಿ. ಹುಡುಗೂರು ಇದರಾಗ ಏನ್ ಕಲೀತಾರ? ಪೇಂಟರ್, ಇದನ್ನೆಲ್ಲ ಒರಸಿ ಚೌಕ ಹಾಕು."

ಹಾಜಿಮಲಂಗನಿಗೆ ದೊಡ್ಡವರ ಎದುರು ವಾದ ಮಾಡಿ ಅಭ್ಯಾಸ ಇರಲಿಲ್ಲ. ಆದರೂ ಏಣಿಯಿಂದ ಇಳಿದು ಬಂದು ಕೇಳಿದ: "ಸಾವಕಾರ್ರ, ಮಾಸ್ತರ್ರು ಕೊಟ್ಟ ಪಟ್ಟಿಯೊಳಗ ಗಿಡಕ್ಕ ಒಂದ ಇಂದ್ರಿಯ ಅಂತ ಐತಿ ಹೌದಲ್ರಿ?"

"ಹೌದು."

"ಅಂದ್ರ ಗಿಡಾನೂ ಒಂದ ಜೀವ. ಅದನ್ನ ಬರೀಬೇಕಲ್ರಿ?"

"ಬರಿ. ಒಂದ ಚೌಕದಾಗ ಬರಿ."

"ಗಿಡಾ ಚೌಕದಾಗ ಇಟ್ಟರ ಉಳದವು ಎಲ್ಲಿ ಕುಂದರಬೇಕ್ರಿ?"

ಆಬಾಸಾಹೇಬ ಗೋಡೆಯ ಹತ್ತಿರ ಬಂದ. ಹಾಜಿಮಲಂಗನಿಗೆ ಧೈರ್ಯ ಬಂದು, ಅವನು ಕುಂಚದ ಹಿಡಿಕೆಯಿಂದ ಗೋಡೆ ತೋರಿಸಿದ. ಕೆಳಗೆ ಬೇರಿನ ಹತ್ತಿರ ಮಣ್ಣಿನಲ್ಲಿ ಎರೆಹುಳ, ಅದು ಎರಡರ ಸಾಲು. ಕಾಂಡದ ಮೇಲೆ ಇರುವೆ, ಅದು ಮೂರು. ಎಲೆಯಲ್ಲಿ, ಹೂವಿನಲ್ಲಿ ಜೇನು, ಪಾತರಗಿತ್ತಿ, ಅದು ನಾಲ್ಕು. ಮೇಲೆ ಟೊಂಗೆಯಲ್ಲಿ ಹಕ್ಕಿ, ಅಳಿಲು, ಹೂ ಬಿಡಿಸುವ ಹೆಂಗಸು, ಅದು ಐದು. "ಹುಡುಗೂರು ಕೆಳಗಿಂದ ಮ್ಯಾಲ ಎಣಿಸ್ಕೋತ ಹೋಗಲಿ. ಗಿಡ ಹತ್ತಿದಂಗ ಪಾಠ ಹತ್ತತೈತ್ರಿ."

ಆಬಾಸಾಹೇಬ ಕೆಳಗಿನಿಂದ ಮೇಲಿನವರೆಗೆ ನೋಡಿದ. ಬಾಗಿಲಲ್ಲಿ ನಿಂತಿದ್ದ ರಾಜಮತಿಯ ಕಡೆ ತಿರುಗಿ, "ಆ ಹೂ ಬಿಡಸಾಕಿ ನೀವಽ ಏನು?" ಎಂದು ಕೇಳಿದ.

"ಸೀರಿ ಅಂತೂ ನಂದು," ಎಂದಳು ರಾಜಮತಿ.

ಆಬಾಸಾಹೇಬನಿಗೆ ನಗು ಬಂತು. "ಮುನಿಗಳು ಬರೂದರೊಳಗ ಮುಗಸು," ಎಂದಷ್ಟೇ ಹೇಳಿ ಹೋದ.

ಇನ್ನು ಹನ್ನೆರಡು ದಿನ ಉಳಿದಿದ್ದವು. ಪಟ್ಟಿಯ ಪ್ರಕಾರ ನಾಲ್ಕರ ಸಾಲಿನಲ್ಲಿ ಚಿಮ್ಮಂಡೆಯೊಂದು ಬಾಕಿ ಇತ್ತು. ಸಂಜೆಯಾದರೆ ಕಿರ್ ಕಿರ್ ಎಂದು ಕೂಗುವ ಆ ಕಂದು ಹುಳ ಹಗಲಿನಲ್ಲಿ ಕಾಣುತ್ತಿರಲಿಲ್ಲ. ಹಾಜಿಮಲಂಗ ಹೊತ್ತು ಇಳಿಯುವವರೆಗೆ ಕಾದು, ನೀರಿನ ಕಾಲುವೆಯ ದಂಡೆಯಲ್ಲಿ ಕೂತ. ಒಂದು ಬಿಲದ ಬಾಯಲ್ಲಿ ಗಂಡು ಚಿಮ್ಮಂಡೆ ರೆಕ್ಕೆ ಎತ್ತಿ ಒಂದಕ್ಕೊಂದು ತಿಕ್ಕುತ್ತಿತ್ತು. ನಾಲ್ಕು ಮೊಳ ದೂರದ ಹುಲ್ಲಿನಿಂದ ಇನ್ನೊಂದು ಹೊರಗೆ ಬಂತು. ಅದಕ್ಕೆ ಹಿಂದೆ ಸೂಜಿಯಂಥ ಬಾಲ. ಹೆಣ್ಣಿರಬೇಕು ಎಂದುಕೊಂಡ.

ಗಂಡು ಕೂಗಿದಾಗ ಹೆಣ್ಣು ನಡೆಯುತ್ತಿತ್ತು. ಕೂಗು ನಿಂತರೆ ನಿಲ್ಲುತ್ತಿತ್ತು. ಮತ್ತೆ ಕೂಗಿದರೆ ಮತ್ತೆ ನಡೆಯುತ್ತಿತ್ತು. ನಡುವೆ ಒಂದು ಮಣ್ಣಿನ ಹೆಂಟೆ ಅಡ್ಡ ಬಂದು ಗಂಡು ಅದರ ಕಣ್ಣಿಗೆ ಬೀಳುವಂತಿರಲಿಲ್ಲ. ಗಾಳಿಯೂ ಹೆಣ್ಣಿನ ಕಡೆಯಿಂದ ಬಿಲದ ಕಡೆಗೆ ಬೀಸುತ್ತಿತ್ತು, ಗಂಡಿನ ವಾಸನೆ ಅದಕ್ಕೆ ಬರುವಂತಿರಲಿಲ್ಲ. ಆದರೂ ಅದು ಹೆಂಟೆಯನ್ನು ಸುತ್ತಿ ನೇರ ಬಿಲಕ್ಕೆ ಹೋಯಿತು.

ಹಾಜಿಮಲಂಗ ಎದ್ದವನೇ ಜಯಪಾಲನ ಮನೆಗೆ ಓಡಿದ.

"ಮಾಸ್ತರ್ರ, ಚಿಮ್ಮಂಡಿಗೆ ಎಷ್ಟ ಇಂದ್ರಿಯ್ರಿ?"

"ನಾಕ. ಕಿವಿ ಇಲ್ಲ ಅದಕ್ಕ."

"ಕಿವಿ ಇಲ್ಲದಿದ್ರ ಅದು ಯಾರ ಸಲುವಾಗಿ ಹಾಡತೈತ್ರಿ?"

ಜಯಪಾಲನಿಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ಅದೇ ಪಾಠ ಹೇಳಿದವನು. "ನಿನಗ ಬಣ್ಣ ಹಚ್ಚಾಕ ಕರದೀವಿ, ಶಾಸ್ತ್ರ ಕೇಳಾಕಲ್ಲ," ಎಂದು ಬಾಗಿಲು ಮುಂದೆ ಮಾಡಿದ. ಆದರೆ ಮರುದಿನ ಸಂಜೆ, ಯಾರೂ ಕರೆಯದಿದ್ದರೂ, ಧೋತರ ಎತ್ತಿ ಕಟ್ಟಿಕೊಂಡು ಕಾಲುವೆಯ ದಂಡೆಗೆ ಬಂದ. ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಹೆಣ್ಣು ಚಿಮ್ಮಂಡೆ ನಡೆಯಿತು, ನಿಂತಿತು, ನಡೆಯಿತು. ಜಯಪಾಲ ಹಾಜಿಮಲಂಗನ ಮೊಣಕೈ ಹಿಡಿದುಕೊಂಡ.

"ಹೌದಲೋ," ಎಂದು ಪಿಸುಗುಟ್ಟಿದ. "ಕೇಳಾಕತ್ತೈತಿ. ಖರೇನ ಕೇಳಾಕತ್ತೈತಿ. ಆದ್ರ ತಲ್ಯಾಗ ಕಿವಿ ಎಲ್ಲಿ ಅದಾವ?"

ತಲೆಯಲ್ಲಿ ಇರಲಿಲ್ಲ. ಹಾಜಿಮಲಂಗ ದಿನವೂ ಸಂಜೆ ಮೈಯೆಲ್ಲ ಕಣ್ಣಾಗಿ ಆ ಹುಳದ ಒಂದೊಂದೇ ಅಂಗ ಬರೆದುಕೊಂಡ. ಮುಂಗಾಲಿನ ಮೊಣಕಾಲಿನ ಸ್ವಲ್ಪ ಕೆಳಗೆ ಸಾಸಿವೆಯ ಹೊಟ್ಟಿನಷ್ಟು ಒಂದು ಬಿಳಿ ಗುರುತು ಕಂಡಿತು. ಏನೆಂದು ತಿಳಿಯಲಿಲ್ಲ. ಎರಡೂ ಮುಂಗಾಲಿಗೆ ಅದೇ ಜಾಗದಲ್ಲಿ ಇತ್ತು, ಆದ್ದರಿಂದ ಗೋಡೆಯ ಮೇಲೂ ಅದೇ ಜಾಗದಲ್ಲಿ ಇಟ್ಟ.

ಯಾವ ಸಾಲಿನಲ್ಲಿ ಬರೆಯಬೇಕು ಎಂಬುದು ಜಯಪಾಲನಿಗೆ ಬಿಟ್ಟ ಮಾತಾಯಿತು. ಅವನು ಎರಡು ದಿನ ಯೋಚಿಸಿದ. "ಗ್ರಂಥದಾಗ ನಾಕ ಅಂತ ಐತಿ. ನಾಕರಾಗ ಇರಲಿ," ಎಂದು ಹೇಳಿ ಹೋದವನು ಬಾಗಿಲಿನಿಂದ ಮರಳಿ ಬಂದು, ದನಿ ತಗ್ಗಿಸಿ, "ಒಂದ ಮುಂಗಾಲ ಮಾತ್ರ ಎತ್ತಿ ಐದರ ಸಾಲಿನಾಗ ಇಡು," ಎಂದ.

ಚತುರ್ದಶಿಯ ದಿನ ಗೋಡೆ ತೋರಿಸುವುದೆಂದು ಗೊತ್ತಾಯಿತು. ಅಂದು ಮುನಿಗಳಿಗೆ ಮೌನ. ಐಗಳಿಯಿಂದ, ಚಿಂಚಲಿಯಿಂದ, ಹೊಳೆಯ ಆಚೆಯಿಂದ ಜನ ಬಂದಿದ್ದರು. ಮೈಮುನಾಳೂ ಬಂದು ಹೆಂಗಸರ ಸಾಲಿನಲ್ಲಿ ರಾಜಮತಿಯ ಪಕ್ಕ ನಿಂತಿದ್ದಳು. ಮುನಿಗಳು ಕೈಯಲ್ಲಿ ನವಿಲುಗರಿಯ ಪಿಂಛಿ ಹಿಡಿದು ಗೋಡೆಯ ಎಡತುದಿಯಿಂದ ನೋಡುತ್ತ ಬಂದರು. ಎರೆಹುಳದ ಮುಂದೆ ನಿಂತರು, ಕೆಂಪು ಮಖಮಲ್ಲಿನ ಹುಳದ ಮುಂದೆ ನಿಂತರು. ಚಿನ್ನದ ಹುಳದ ಮುಂದೆ ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ಹೊಳಪು ಹರಿದಾಡುವುದನ್ನು ನೋಡಿದರು. ಕೊನೆಗೆ ಚಿಮ್ಮಂಡೆಯ ಬಳಿ ಬಂದು ನಿಂತವರು ಮುಂದೆ ಹೋಗಲೇ ಇಲ್ಲ.

ಜಯಪಾಲನ ಮುಖ ಬಿಳಿಚಿತು. ಮುನಿಗಳು ಪಿಂಛಿಯ ತುದಿಯಿಂದ ಎತ್ತಿದ ಮುಂಗಾಲನ್ನು ತೋರಿಸಿ, ಹಾಜಿಮಲಂಗನ ಕಡೆ ತಿರುಗಿ, ಹುಬ್ಬೇರಿಸಿದರು. ಏಕೆ ಎಂದು ಕೇಳುತ್ತಿದ್ದರು.

ನೂರಾರು ಕಣ್ಣು ಅವನ ಮೇಲಿದ್ದವು. ಅವನು ತುಟಿ ಬಿಗಿದು, ನಾಲಿಗೆ ಮಡಚಿ, "ಕಿರ್ರ್, ಕಿರ್ರ್," ಎಂದ. ಎರಡು ಹೆಜ್ಜೆ ನಡೆದ. ಸುಮ್ಮನಾದ, ನಿಂತ. ಮತ್ತೆ "ಕಿರ್ರ್" ಎಂದು ಮತ್ತೆ ಎರಡು ಹೆಜ್ಜೆ ನಡೆದು, ಅಲ್ಲಿದ್ದ ಕಂಬವನ್ನು ಹೆಂಟೆಯೆಂಬಂತೆ ಸುತ್ತಿ ಜಯಪಾಲನ ಮುಂದೆ ಬಂದು ನಿಂತ.

ಮುನಿಗಳ ಭುಜ ಅಲುಗಿತು. ಸದ್ದಿಲ್ಲದೆ ನಗುತ್ತಿದ್ದರು. ಕಣ್ಣಿನಲ್ಲಿ ನೀರು ಬರುವವರೆಗೆ ನಕ್ಕು, ಪಿಂಛಿ ಎತ್ತಿ ಹಾಜಿಮಲಂಗನನ್ನು ಹರಸಿದರು. ಆಮೇಲೆ ಯಾವ ಮಗು ಶುರು ಮಾಡಿತೋ ಗೊತ್ತಿಲ್ಲ, "ಕಿರ್ರ್" ಎಂಬ ಸದ್ದು ಮುಂದಿನ ಸಾಲಿನಿಂದ ಎದ್ದು ಪಾಠಶಾಲೆಯನ್ನೆಲ್ಲ ತುಂಬಿತು. ಮಕ್ಕಳು ಬಾಗಿಲಿನಿಂದ ತೋಟಕ್ಕೆ ನುಗ್ಗಿದರು. ರಾಜಮತಿ ಅವರಿಗಿಂತ ಮುಂದೆ ಓಡಿ ತೋಟದ ಬಾಗಿಲಿಗೆ ಅಡ್ಡ ನಿಂತಳು.

"ಕಾಲ ಬುಡಕ ನೋಡ್ಕೋತ ಬರ್ರಿ! ಒಬ್ಬೊಬ್ರ ಬರ್ರಿ! ಯಾವದನೂ ಮುಟ್ಟಬ್ಯಾಡ್ರಿ!"

ಮಕ್ಕಳ ಹಿಂದೆ ಸಾಲಿನಲ್ಲಿ ನಿಂತವರಲ್ಲಿ ಆಬಾಸಾಹೇಬನೂ ಇದ್ದ.

ಚಾತುರ್ಮಾಸದ ನಡುವೆ ಒಂದು ದಿನ ಪಾರಿಸ ಎಂಬವನು ಊರಿಗೆ ಬಂದ. ಅವನು ಜುಗೂಳದವನೇ, ಧಾರವಾಡದ ಕೃಷಿ ಕಾಲೇಜಿನಲ್ಲಿ ಕೀಟಗಳ ಪಾಠ ಹೇಳುತ್ತಿದ್ದ. ಜಯಪಾಲ, ಹಾಜಿಮಲಂಗ ಇಬ್ಬರ ಜೊತೆ ಗೋಡೆ ನೋಡುತ್ತ ಹೋದವನು ಚಿಮ್ಮಂಡೆಯ ಹತ್ತಿರ ಬಗ್ಗಿ, ಚಟ್ಟನೆ ನೆಟ್ಟಗಾದ.

"ಈ ಬಿಳಿ ಗುರುತ ಬರೀಬೇಕಂತ ಯಾರ ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ," ಎಂದ ಹಾಜಿಮಲಂಗ. "ಅಲ್ಲಿ ಇತ್ತು, ಬರದೆ. ಏನಂತ ಗೊತ್ತಿಲ್ಲ."

"ಅದು ಕಿವಿ! ಚಿಮ್ಮಂಡಿಗೆ ಕಿವಿ ಮುಂಗಾಲಾಗ ಇರತಾವ. ನಮ್ಮ ಹುಡುಗೂರಿಗೆ ಭೂತಗನ್ನಡಿಯಾಗ ತೋರಿಸಿದ್ರೂ ಕಾಣೂದಿಲ್ಲ, ನೀವು ಬರೇ ಕಣ್ಣಲೆ ಕಂಡೀರಿ!"

ಜಯಪಾಲ ಮುಂದೆ ಬಂದು ಮುಂಗಾಲಿನ ಗುರುತಿನ ಮೇಲೆ ಬೆರಳಿಟ್ಟ. "ಐದರ ಸಾಲಿನಾಗ ನಾವು ಕಿವೀನ ಇಟ್ಟೀವಲ್ಲೋ," ಎಂದು ಹಾಜಿಮಲಂಗನ ಬೆನ್ನಿಗೆ ಗುದ್ದಿದ. ಇಬ್ಬರೂ ಸಣ್ಣ ಹುಡುಗರ ಹಾಗೆ ಒಬ್ಬರನ್ನೊಬ್ಬರು ಅಲುಗಾಡಿಸಿ ನಕ್ಕರು. ಮರುದಿನ ಪಾಠದಲ್ಲಿ ಜಯಪಾಲ ಮಕ್ಕಳಿಗೆ, "ಗ್ರಂಥದಾಗಿಂದು ನಾ ಹೇಳತೀನಿ, ತ್ವಾಟದಾಗಿಂದು ನೀವು ನನಗ ಹೇಳ್ರಿ," ಎಂದ. ಅಂದಿನಿಂದ ಆ ಪಾಠ ಒಂದು ತಾಸಿಗೆ ಮುಗಿಯುತ್ತಿರಲಿಲ್ಲ.

ಬೋರ್ಡಿನ ಕೆಲಸ ನಿಲ್ಲಲಿಲ್ಲ, ಆದರೆ ಬೋರ್ಡುಗಳು ಬೇರೆಯಾದವು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬ ಅಂಗಡಿಯ ಬಾಗಿಲಿಗೆ ಕೈ ಮುಗಿದು ನಿಂತ ಹಸಿರು ಹುಳ ಬರೆಸಿದ. ಚಿಂಚಲಿಯ ರೈತನೊಬ್ಬ ಚಕ್ಕಡಿಯ ಹಿಂಬದಿಗೆ ಎಕ್ಕೆಯ ಮಿಡತೆ ಕೇಳಿದ. ಮರುವರ್ಷ ಫೆಬ್ರವರಿಯಲ್ಲಿ ರಾಯಬಾಗ ಕಡೆಯ ಹೈಸ್ಕೂಲೊಂದರಿಂದ ಜಯಪಾಲನ ಮೂಲಕ ಮಾತು ಬಂತು. ಅವರಿಗೆ ಗೋಡೆಯ ತುಂಬ ಕೃಷ್ಣೆಯ ಜೀವಗಳು ಬೇಕಾಗಿದ್ದವು.

"ನನಗ ಈಜಾಕ ಬರೂದಿಲ್ರಿ," ಎಂದ ಹಾಜಿಮಲಂಗ. ಹೇಳಿದ ಮೇಲೆ ಮೂರು ದಿನ ನಿದ್ದೆ ಬರಲಿಲ್ಲ. ನಾಲ್ಕನೆಯ ದಿನ ಒಂದು ಎಣ್ಣೆ ಡಬ್ಬಿಯ ತಳ ಕತ್ತರಿಸಿ, ಅಲ್ಲಿಗೆ ಗಾಜು ಕೂಡಿಸಿ, ನೀರು ಸೋರದಂತೆ ಸುತ್ತ ಲಪ್ಪ ಮೆತ್ತಿ ಒಣಗಿಸಿದ.

ಜುಗೂಳದ ಕೆಳಗೆ ಹೊಳೆಯ ನೀರು ಇಳಿದು ತಿಳಿಯಾಗಿತ್ತು. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಹಗ್ಗದ ಇನ್ನೊಂದು ತುದಿಯನ್ನು ದಂಡೆಯ ಮೇಲೆ ಜಯಪಾಲ ಎರಡೂ ಕೈಯಿಂದ ಹಿಡಿದು ನಿಂತಿದ್ದ, ಅವನ ಹಿಂದೆ ರಾಜಮತಿಯೂ ಮೈಮುನಾಳೂ ಇದ್ದರು. ನೀರು ಮೊಣಕಾಲಿಗೆ ಬಂತು, ನಡುವಿಗೆ ಬಂತು, ಎದೆಗೆ ಬಂತು. ಹಾಜಿಮಲಂಗ ಡಬ್ಬಿಯನ್ನು ನೀರಿಗೆ ಒತ್ತಿ, ಅದರೊಳಗೆ ಮುಖ ಇಟ್ಟ.

ಬಹಳ ಹೊತ್ತು ಅವನು ಅಲುಗಾಡಲಿಲ್ಲ.

"ಏನಾತೋ?" ಎಂದು ಜಯಪಾಲ ಗಾಬರಿಯಿಂದ ಹಗ್ಗ ಜಗ್ಗಿದ. "ಪೇಂಟರ್! ಏನಾತು?"

ಹಾಜಿಮಲಂಗ ತಲೆ ಎತ್ತಿದ. ಗಡ್ಡದಿಂದ ನೀರು ಸುರಿಯುತ್ತಿತ್ತು.

"ಸೀಗಡಿ ಐತ್ರಿ ಮಾಸ್ತರ! ಮ್ಯಾಲಿಂದ ಕೆಳಗ ಗಾಜಿನಂಥಾದ್ದು! ಮೈಯೊಳಗ ಗುಂಡಿಗಿ ಬಡಿಯೂದು ಕಾಣಾಕತ್ತೈತಿ! ಜಗ್ಗಬ್ಯಾಡ್ರಿ, ಹಗ್ಗ ಸಡಲ ಬಿಡ್ರಿ, ಇನ್ನಾ ಮುಂದ ಹೋಗತೀನಿ!"